ಆ ಗೋಲು ನಾನು ಬಿಟ್ಟುಕೊಟ್ಟದ್ದಲ್ಲ

ನನ್ನ ಹಳೆಯ ಎದುರಾಳಿ ಕುಜೆಗೆ,

ಕಾಗದವೆಂದರೆ ಮೊದಲು ಚಳಿಯ ಬಗ್ಗೆ, ಪ್ಲಮ್ ಮೊಗ್ಗಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ. ನಿನ್ನೆ ನಿನ್ನ ವಿದಾಯದ ಫುಟ್‌ಬಾಲ್ ಪಂದ್ಯದಲ್ಲಿ ನೀನು ಹೊಡೆದ ಗೋಲು ನಾನು ಬಿಟ್ಟುಕೊಟ್ಟದ್ದಲ್ಲ. ಇದನ್ನು ಹೇಳದೆ ನನಗೆ ಅನ್ನ ಸೇರುತ್ತಿಲ್ಲ.

ಆಟ ಮುಗಿದ ಮೇಲೆ ನೀನು ಸೊಂಟ ಬಗ್ಗಿಸಿ ವಂದಿಸಿ, "ಕೊನೆಗೂ ನನ್ನ ಮರ್ಯಾದೆ ಉಳಿಸ್ದೆ ಮಾರಾಯ, ಉಪಕಾರವಾಯ್ತು" ಅಂದೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ನಿನ್ನ ತಂಡದವರು ನಿನ್ನನ್ನು ಎತ್ತಿ ಗಾಳಿಗೆ ತೂರುತ್ತಿದ್ದರು.

ನಿನ್ನ ತಪ್ಪೂ ಇಲ್ಲ ಬಿಡು. ನಮ್ಮಲ್ಲಿ ವಿದಾಯ ಪಂದ್ಯವೆಂದರೆ ಎಲ್ಲರೂ ದಾರಿ ಬಿಡುವುದೇ. ಗೋಲ್‌ಕೀಪರ್ ಕೂಡ ಬೇಕೆಂದೇ ತಪ್ಪು ಕಡೆಗೆ ಹಾರುತ್ತಾನೆ. ನಿನ್ನ ಪುಟ್ಟ ಮಗಳು ನಗಿ, ಮೊಣಕಾಲು ಮುಚ್ಚುವ ಅಂಗಿ ತೊಟ್ಟು ಚೆಂಡಿನ ಹಿಂದೆ ಮೈದಾನಕ್ಕೆ ಓಡಿಬಂದಾಗ ನಾನೂ ದಾರಿ ಬಿಟ್ಟೆ. ಜಾರಿದವನಂತೆ ಬಿದ್ದು, ಹೊರಳಾಡಿ, ತಲೆ ಚಚ್ಚಿಕೊಂಡು ನೆರೆದವರನ್ನೆಲ್ಲ ನಗಿಸಿದೆ. ನಾನು ಬಿಟ್ಟುಕೊಡುವುದು ಹಾಗೆ. ನಿನ್ನ ಮುಂದೆ ಹಾಗೆ ಮಾಡಿದೆನೇ? ಸಿಕ್ಕಾಗಲೆಲ್ಲ ಚೆಂಡು ಕಿತ್ತುಕೊಂಡೆ. ನಿನ್ನ ಅಭಿಮಾನಿಗಳು ಡೋಲು ನಿಲ್ಲಿಸಿ ನನ್ನನ್ನು ಬೈದರು. ವಿರಾಮದಲ್ಲಿ ನನ್ನ ಹೆಂಡತಿ ತೊಕಿಕೊ ಬೇಲಿಯ ಹತ್ತಿರ ಬಂದು, "ಪಾಪ, ಅವ್ರ ಕೊನೇ ಆಟ ಕಣ್ರೀ. ನಿಮ್ಗೆ ಒಂಚೂರಾದ್ರೂ ನಾಚ್ಕೆ ಬೇಡ್ವಾ?" ಎಂದು ಕೇಳಿದಳು.

ಇಲ್ಲ, ನಾಚಿಕೆಯಾಗಲಿಲ್ಲ. ಹೈಸ್ಕೂಲಿನ ಪಂದ್ಯಾವಳಿಯಿಂದ ಹಿಡಿದು ಊರೂರಿನಲ್ಲಿ ಗೋಲು ಹೊಡೆದ ನೀನು, ನಾನು ನಿನ್ನನ್ನು ತಡೆಯಲು ನಿಂತಾಗ ಒಂದನ್ನೂ ಹೊಡೆದಿರಲಿಲ್ಲ. ನನ್ನ ಆಟದ ಬದುಕಿನಲ್ಲಿ ಹೇಳಿಕೊಳ್ಳಲಿಕ್ಕೆ ಉಳಿದದ್ದು ಅದೊಂದೇ. ಅದನ್ನೂ ದಾನ ಮಾಡುವಷ್ಟು ದೊಡ್ಡ ಮನಸ್ಸು ನನಗೆಲ್ಲಿದೆ?

ಆ ಕೊನೆಯ ಗಳಿಗೆ ಹೇಗಿತ್ತು, ಕೇಳು. ನೀನು ಬಲಭುಜ ಇಳಿಸಿದೆ. ಬಲಭುಜ ಇಳಿಸಿದರೆ ಕುಜೆ ಬಲಕ್ಕೇ ನುಗ್ಗುತ್ತಾನೆ, ಅದು ನನಗೆ ನಿದ್ದೆಯಲ್ಲೂ ಗೊತ್ತು. ನಾನು ಆ ಕಡೆಗೇ ವಾಲಿದೆ. ನೀನು ಎಡಕ್ಕೆ ಹೊರಳಿದೆ! ತಿರುಗಲು ಹೋದ ನನ್ನ ಮಂಡಿ ಕಟಕ್ಕೆಂದಿತು, ಕುಂಡೆಯೂರಿ ಕೂತುಬಿಟ್ಟೆ. ನೀನು ಎಡಗಾಲಿನಲ್ಲಿ ಬಾರಿಸಿದ ಆ ಹೊಡೆತಕ್ಕೆ ಗೋಲ್‌ಕೀಪರಿಗೆ ತಪ್ಪು ಕಡೆಗೆ ಹಾರಲಿಕ್ಕೂ ಸಮಯ ಸಿಗಲಿಲ್ಲ. ಅಬ್ಬಾ ಕುಜೆ, ಎಂಥ ಗೋಲದು. ಸೋತವನಿಗೆ ಇಷ್ಟು ಖುಷಿಯಾಗಬಾರದು, ಆದರೂ ಆಯಿತು.

ಈ ಎಡಗಾಲು ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದೆ. ಇವತ್ತು ಬೆಳಿಗ್ಗೆ ನನ್ನ ಊಟದಂಗಡಿಯಲ್ಲಿ ಓದೆನ್ ಸಾರಿನ ಹಂಡೆಗೆ ಮೂಲಂಗಿ ಹೆಚ್ಚುತ್ತಿದ್ದಾಗ ಹೊಳೆಯಿತು. ಬೆಲ್ಜಿಯಂನ ತಂಡದಲ್ಲಿದ್ದಾಗ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ನೀನು ಬೆಂಚಿನಲ್ಲಿ ಕೂತ ಎರಡು ವರ್ಷ! ನೀನೇ ಇದೇ ಹಂಡೆಯ ಮುಂದೆ ಕುಡಿದು ಹೇಳಿದ್ದೆ, "ಆಡೋಕೇ ಬಿಡ್ಲಿಲ್ಲ ಕಣೋ. ದಿನಾ ಎಡಗಾಲಲ್ಲಿ ಗೋಡೆಗೆ ಒದೀತಿದ್ದೆ, ಹುಚ್ಚನ ಥರ." ವಾಪಸು ಬಂದ ಮೇಲೆ ತಂಡದಲ್ಲಿ ಜಾಗ ತಪ್ಪುವ ಭಯಕ್ಕೆ ಮತ್ತೆ ಬಲಗಾಲನ್ನೇ ನಂಬಿದೆ. ನಿನ್ನೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅದಕ್ಕೇ ಅದು ಹೊರಗೆ ಬಂತು. ನೀನೋ, ಪಂದ್ಯದ ಕೊನೆಗೆ ಮೈಕು ಹಿಡಿದು ಆ ವರ್ಷಗಳು ದಂಡವಾದವೆಂದು ಎಲ್ಲರ ಮುಂದೆ ಕ್ಷಮೆ ಕೇಳಿದೆ. ದಂಡವೆಲ್ಲಿ ಬಂತು? ನನ್ನನ್ನು ಕೆಡವಿದ್ದೇ ಆ ವರ್ಷಗಳು.

ಅಂಗಡಿಗೆ ಬಂದ ಮೀನುಗಾರರೆಲ್ಲ, "ಮಿನೊವಣ್ಣಂದು ದೊಡ್ಡ ಮನಸ್ಸು" ಎಂದು ಬೆನ್ನು ತಟ್ಟುತ್ತಿದ್ದಾರೆ. ಅಲ್ಲವೆಂದರೆ ಕಣ್ಣು ಮಿಟುಕಿಸುತ್ತಾರೆ. ಅವರು ಏನಾದರೂ ಅಂದುಕೊಳ್ಳಲಿ, ನೀನು ನಂಬಬೇಡ. ಅನುಮಾನವಿದ್ದರೆ ಯಾಯಿಜುವಿನ ನನ್ನ ಅಂಗಡಿಗೆ ಬಂದು ನನ್ನ ಮಂಡಿ ಮುಟ್ಟಿ ನೋಡು. ಊದಿಕೊಂಡಿದೆ, ಸ್ಟೂಲಿನ ಮೇಲೆ ಕೂತೇ ಓದೆನ್ ಬಡಿಸುತ್ತಿದ್ದೇನೆ. ದಾರಿ ಬಿಟ್ಟುಕೊಟ್ಟವನ ಮಂಡಿ ಹೀಗೆ ಊದುವುದಿಲ್ಲ.

ನಿನ್ನ ಎಡಗಾಲು ತಣ್ಣಗಿರಲಿ.

ನಿಜವಾಗಿಯೂ ಸೋತ,
ಮಿನೊವ