ಕಂಬವೂ ತೊಲೆಯೂ ಕೂಡುವಲ್ಲಿ ಹಾಕದ ರಿಂಗುಗಳು

ಕಟ್ಟಡ ಪರವಾನಗಿ ಅಧಿಕಾರಿಗಳಾದ ಮಾನ್ಯರೇ,

ನನ್ನ ಅಕ್ಕನನ್ನು ಭೂಕಂಪ ಕೊಂದಿತೆಂದು ತಾವು ವರದಿ ಬರೆದಿದ್ದೀರಿ. ಸುಳ್ಳು. ಕೊಂದವರು ನಾವಿಬ್ಬರು: ಕಂಬಿ ಕಟ್ಟಿದ ನಾನು, ಸಹಿ ಹಾಕಿದ ತಾವು. "ಪ್ರಕೃತಿ ವಿಕೋಪ, ಯಾವ ಲೋಪವೂ ಕಂಡುಬಂದಿಲ್ಲ" ಎಂಬ ತಮ್ಮ ಸಾಲು ಓದಿ ಮೈ ಉರಿಯಿತು. ಕಂಡುಬರಬೇಕಾದರೆ ಮೊದಲು ನೋಡಬೇಕಲ್ಲವೇ ಸ್ವಾಮಿ?

ಇಪ್ಪತ್ತಾರು ವರ್ಷಗಳಿಂದ ಕಂಬಿ ಕೆಲಸ ಮಾಡಿದವನು ನಾನು. ತಮಗೆ ತಿಳಿದಿರಲೇಬೇಕಾದದ್ದನ್ನು ಹೇಳುತ್ತಿದ್ದೇನೆ, ಕ್ಷಮಿಸಿ. ನೆಲ ನಡುಗಿದಾಗ ಕಟ್ಟಡದ ಬುಡ ಒಂದು ಕಡೆ ಓಡುತ್ತದೆ, ಮೇಲಿನ ಮಹಡಿಗಳು ಇದ್ದಲ್ಲೇ ಇರಲು ನೋಡುತ್ತವೆ. ಆ ಜಗ್ಗಾಟವೆಲ್ಲ ಬಂದು ಬೀಳುವುದು ಕಂಬವೂ ತೊಲೆಯೂ ಕೂಡುವ ಸಂದಿನ ಮೇಲೆ. ಒಂದು ಸಲ ಇತ್ತ ಎಳೆದಾಗ ಅದು ಓರೆಯಾಗಿ ಸೀಳುತ್ತದೆ, ಅತ್ತ ಎಳೆದಾಗ ಎದುರು ಓರೆಯಲ್ಲಿ ಸೀಳುತ್ತದೆ. ಒಳಗಿನ ಕಾಂಕ್ರೀಟು ಹೊರಗೆ ಸಿಡಿಯದಂತೆ ಬಿಗಿಹಿಡಿಯುವುದು ಕಂಬದ ಉದ್ದ ಕಂಬಿಗಳ ಸುತ್ತ ಹಾಕುವ ರಿಂಗು. ಸಂದಿನಲ್ಲಿ ತೊಲೆಯ ಕಂಬಿಗಳು ಅಡ್ಡ ಬರುವುದರಿಂದ ಅಲ್ಲಿ ರಿಂಗು ಕೂರಿಸುವುದು ಬೆರಳು ಹರಿಯುವ ಕೆಲಸ. ಅದಕ್ಕೇ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟೆ.

ಅಕ್ಕ ಸತ್ತ ಆ ಐದು ಮಹಡಿಯ ಕಟ್ಟಡ ಕಟ್ಟುವಾಗ ಮೇಸ್ತ್ರಿಗೆ ಹೇಳಿದ್ದೆ: "ಸಂದಿನೊಳಗೆ ಒಂದೂ ರಿಂಗಿಲ್ಲ, ಬಿಚ್ಚಿ ಕಟ್ಟೋಣ."

"ನಾಳೆ ಕಾಂಕ್ರೀಟು ಬೀಳುತ್ತೆ. ಒಳಗೆ ಇಣುಕಿ ನೋಡೋನ್ಯಾರು, ನಿಮ್ಮಪ್ಪನಾ?"

ನೋಡಬೇಕಾದವರು ತಾವು. ಬಂದಿರಿ ಕೂಡ. ಕಾರಿನಿಂದ ಒಂದು ಕಾಲು ಕೆಳಗಿಟ್ಟಿರಿ. "ಸಾರ್, ಒಂದ್ಸಲ ಮೇಲೆ ಬಂದು ನೋಡಿ" ಎಂದು ಕೈಮುಗಿದೆ. "ಕಂಬ ನೆಟ್ಟಗಿದೆಯಲ್ಲಪ್ಪಾ, ಇನ್ನೇನು ಬೇಕು?" ಎಂದಿರಿ. ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದಿರಿ. ಹೊಟ್ಟೆಪಾಡಿನ ನಾನು ಬಾಯಿ ಮುಚ್ಚಿಕೊಂಡೆ. ಅಷ್ಟೇ ಆಗಿದ್ದರೆ ಹೇಗೋ ಬದುಕುತ್ತಿದ್ದೆ. ವರ್ಷದ ನಂತರ ದರ್ಜಿ ಕೆಲಸದ ಅಕ್ಕ ಬಾಡಿಗೆಗೆ ಮನೆ ಹುಡುಕುವಾಗ, "ನಾನೇ ಕಟ್ಟಿದ್ದು ಅಕ್ಕ, ಭದ್ರವಾಗಿದೆ" ಎಂದು ಎರಡನೇ ಮಹಡಿಯಲ್ಲಿ ಕೂರಿಸಿದವನೂ ನಾನೇ. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿತ್ತು.

ಭೂಕಂಪವಾದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಆ ಕಟ್ಟಡದ ಎದುರಿನ ಅಂಗಡಿಯಲ್ಲಿ ತಂತಿ ಕೊಳ್ಳುತ್ತಿದ್ದೆ. ರಸ್ತೆ ಎದ್ದು ಬಡಿಯಿತು. ಮೊದಲ ಅಲುಗಾಟಕ್ಕೆ ಸಂದುಗಳ ಗಾರೆ ಉದುರಿತು. ಎರಡನೆಯದಕ್ಕೆ ಪ್ರತಿ ಸಂದಿನ ಮೇಲೂ ಕತ್ತರಿಯಾಕಾರದ ಬಿರುಕು. ಮೂರನೆಯದಕ್ಕೆ ಕಾಂಕ್ರೀಟು ಪುಡಿಪುಡಿಯಾಗಿ ಹೊರಗೆ ಚಿಮ್ಮಿತು, ನನ್ನ ಕಂಬಿಗಳು ಮುರಿದ ಮೊಣಕೈಯಂತೆ ಬಾಗಿದವು. ಐದು ಮಹಡಿಗಳು ಒಂದರ ಮೇಲೊಂದು ಕುಸಿದು ಜಜ್ಜಿಹೋದವು. ಬರಿಗೈಯಲ್ಲಿ ಬಗೆದೆ. ಉಗುರುಗಳು ಕಿತ್ತುಬಂದವು. ಅಕ್ಕನ ಕೈ ಸಿಕ್ಕಿತು, ಬೆರಳಿಗೆ ನೀಲಿ ದಾರ ಸುತ್ತಿತ್ತು. "ಬಾರೇ ಅಕ್ಕ" ಎಂದು ಎಳೆದೆ. ಕೈ ಮಾತ್ರ ಬಂತು.

ಅಕ್ಕನ ಮಗಳು ಕೆಲಸದಿಂದ ಓಡಿಬಂದಳು. "ಮಾಮ, ಭದ್ರ ಅಂದಿದ್ದೆಯಲ್ಲಾ?" ಎಂದು ಕೇಳಿದಳು. ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ.

ಹಿಂದಿನ ಬೀದಿಯ ಹೆರಿಗೆ ಆಸ್ಪತ್ರೆ ಇನ್ನೂ ನಿಂತಿದೆ. ಅದೇ ಮೇಸ್ತ್ರಿ, ಅದೇ ನಾನು, ಅದೇ ಸಹಿ. ಮರುದಿನವೇ ಹೋದೆ. ಕಾವಲುಗಾರ ಗದರಿಸಿದ: "ಸಾಹೇಬರ ಸರ್ಟಿಫಿಕೇಟ್ ಇದೆ, ಹೋಗಯ್ಯಾ." ದೊಡ್ಡ ನರ್ಸಮ್ಮ ಮಾತ್ರ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಸಂದಿನ ಗಾರೆ ಕೆಡವಿದರು. ಕತ್ತರಿ ಬಿರುಕು ಕಂಡಿತು. ಸಂಜೆಯೊಳಗೆ ಹದಿನೇಳು ಬಾಣಂತಿಯರನ್ನೂ ಕೂಸುಗಳನ್ನೂ ಅಂಗಳದ ಡೇರೆಗೆ ಸಾಗಿಸಿದರು. ಅವರಿಗೆ ತಮ್ಮ ಕಚೇರಿಯಿಂದ ಬಂದದ್ದೇನು? "ಅನಗತ್ಯ ಭೀತಿ ಹಬ್ಬಿಸಬಾರದು, ಕೂಡಲೇ ಒಳಗೆ ಸ್ಥಳಾಂತರಿಸಿ" ಎಂಬ ನೋಟಿಸು! ನೆಲ ಇನ್ನೂ ದಿನಕ್ಕೆರಡು ಸಲ ನಡುಗುತ್ತಿದೆ.

ಆ ನೋಟಿಸನ್ನು ಇಂದೇ ಹಿಂದಕ್ಕೆ ಪಡೆಯಿರಿ. ತಾವು ಸಹಿ ಹಾಕಿದ ಪ್ರತಿ ಕಟ್ಟಡದ ಸಂದನ್ನೂ ಒಡೆಸಿ ನೋಡಿ. ಆಗದಿದ್ದರೆ ನಾಳೆ ಸಂಸಾರ ಸಮೇತ ಬಂದು ಆ ವಾರ್ಡಿನಲ್ಲಿ ಮಲಗಿ, ಹಾಸಿಗೆಗಳು ಖಾಲಿಯಿವೆ. ನಾನು ಠಾಣೆಗೆ ಹೋಗಿ ನನ್ನ ತಪ್ಪನ್ನು ಬರೆಸಿ ಬಂದಿದ್ದೇನೆ. ಎರಡನೆಯ ಆರೋಪಿ ಯಾರೆಂದು ಕೇಳಿದರು. ಹೇಳಿದ್ದೇನೆ.

ಇಂತಿ,
ತಮ್ಮ ವಿಧೇಯನಲ್ಲದ,
ಅಕ್ಕನಿಲ್ಲದ ಒಬ್ಬ ತಮ್ಮ