ನನ್ನ ಮಗಳು ಶಾಂತ ಸ್ವಭಾವದವಳಲ್ಲ

ವಿಶೇಷ ಮಕ್ಕಳ ನೆರವು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಮಗಳು ಶಾಂತ ಸ್ವಭಾವದವಳು, ಅವಳಿಗೆ ಯಾವ ನೆರವೂ ಬೇಕಿಲ್ಲ ಎಂದು ನಿಮ್ಮ ಕಚೇರಿ ಬರೆದುಕೊಟ್ಟಿದೆ. ಇದು ಶುದ್ಧ ಸುಳ್ಳು. ದಯವಿಟ್ಟು ವಾಪಸು ತೆಗೆದುಕೊಳ್ಳಿ. ಮಗಳನ್ನು ಹೊಗಳಿದ್ದಕ್ಕೆ ಜಗಳಕ್ಕೆ ಬರುವ ಅಪ್ಪನನ್ನು ನೀವು ನೋಡಿರಲಿಕ್ಕಿಲ್ಲ. ಈಗ ನೋಡಿ.

ಅವಳಿಗೆ ಆರು ವರ್ಷ, ಒಂದನೇ ಕ್ಲಾಸು. ಬೀದಿಯಲ್ಲೆಲ್ಲ ಅವಳನ್ನು ಬುಗುರಿ ಅಂತಲೇ ಕರೆಯುತ್ತಾರೆ. ನಿಜವಾದ ಬುಗುರಿಯಾದರೆ ಒಂದಷ್ಟು ತಿರುಗಿ ಬೀಳುತ್ತದೆ, ಇವಳು ಬೀಳುವುದಿಲ್ಲ. ಒಂದು ತುತ್ತು ತಟ್ಟೆಯ ಮುಂದೆ, ಇನ್ನೊಂದು ತುತ್ತು ಕಿಟಕಿಯ ಸರಳಿನ ಮೇಲೆ. ನಾನು ಗೋಡೆಗೆ ಬಣ್ಣ ಹೊಡೆಯುವವನು. ಸಂಜೆ ಏಣಿ ತಂದು ಗೋಡೆಗೆ ಒರಗಿಸಿ ಚಪ್ಪಲಿ ಬಿಡುವಷ್ಟರಲ್ಲಿ ಅವಳು ಅದರ ತುದಿಯಲ್ಲಿರುತ್ತಾಳೆ. ಎಲ್ಲದಕ್ಕೂ ನಗುವ ಆಸಾಮಿ ನಾನು, ಇದಕ್ಕೂ ನಕ್ಕೆ. "ಬಿಡೇ, ಸಂಬಳವಿಲ್ಲದ ಆಳು ಸಿಕ್ತು" ಎಂದೆ ಹೆಂಡತಿಗೆ. ಅವಳು ನಗಲಿಲ್ಲ. ಹೋದ ತಿಂಗಳು ಶಾಲೆಯ ಗೇಟು ತೆರೆದೇ ಇತ್ತಂತೆ. ನಾಯಿಮರಿಯ ಹಿಂದೆ ಓಡಿದ ಬುಗುರಿ ಲಾರಿಯ ಮುಂದೆ ನಿಂತಿದ್ದಳು. ಲಾರಿಯವನ ಕಾಲು ಚುರುಕಾಗಿತ್ತು, ಮಗು ಉಳಿಯಿತು. ಅವತ್ತಿನಿಂದ ನನಗೂ ನಗು ಬರುತ್ತಿಲ್ಲ.

ಸಲಹೆಗೆ ಬರವಿಲ್ಲ ಬಿಡಿ. "ಎರಡು ಬಿಡೋ, ತಣ್ಣಗಾಗ್ತಾಳೆ" ಎಂದ ನಮ್ಮಣ್ಣ. "ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀರ" ಎಂದರು ಅತ್ತಿಗೆ. "ತಲೆ ಮೇಲಾದ್ರೂ ಕೂತ್ರೆ ಸಾಕಿತ್ತು ಅತ್ತಿಗೆ" ಎಂದೆ. ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರೊಬ್ಬರೇ ಸಮಾಧಾನವಾಗಿ ಕೇಳಿಸಿಕೊಂಡರು. "ಇದು ತುಂಟತನ ಅಲ್ಲ, ನೀವು ಬೆಳೆಸಿದ್ದರಲ್ಲೂ ತಪ್ಪಿಲ್ಲ. ಕೆಲವು ಮಕ್ಕಳಿಗೆ ಮೈ ಮನಸ್ಸು ಹಿಡಿತಕ್ಕೆ ಬರೋದು ತಡ. ತರಗತಿಯಲ್ಲಿ ಪಕ್ಕದಲ್ಲೊಬ್ಬರು ಇರಬೇಕು, ಚೂರುಚೂರೇ ಕೆಲಸ ಕೊಡಬೇಕು, ನಡುನಡುವೆ ಓಡಾಡಕ್ಕೆ ಬಿಡಬೇಕು" ಎಂದರು. ಅಂಥ ಸಹಾಯಕ ಶಿಕ್ಷಕಿಯನ್ನು ಕೊಡುವುದು ನಿಮ್ಮ ಕಚೇರಿ ಎಂದೂ ಅವರೇ ಹೇಳಿದರು. ನಾವು ಖುಷಿಪಟ್ಟೆವು. ಪಾಪ, ನಮಗೇನು ಗೊತ್ತು!

ಶಾಲೆಯವರೂ ಕೆಟ್ಟವರಲ್ಲ. ಕ್ಲಾಸ್ ಟೀಚರ್ ಹೇಳಿದ ಮಾತು ಕೇಳಿ: "ಅಣ್ಣಾ, ಬುದ್ಧಿ ಇಲ್ಲ ಅಂತಲ್ಲ. ಕೂಡೋ ಲೆಕ್ಕ ಎಲ್ಲರಿಗಿಂತ ಮೊದ್ಲು ಹೇಳ್ತಾಳೆ. ಹೇಳೋವಾಗ ಮಾತ್ರ ಬೆಂಚಿನ ಮೇಲೆ ನಿಂತಿರ್ತಾಳೆ. ಅವಳ ಹಿಂದೆ ನಾನು ಓಡಿದ್ರೆ ಮಿಕ್ಕ ಮಕ್ಕಳ ಗತಿ ಏನು?" ಹೆಡ್‌ಮಾಸ್ಟರು ಒಂದೇ ಮಾತಿನಲ್ಲಿ ಮುಗಿಸಿದರು. ಲಾರಿಯ ಸಂಗತಿ ಆದ ಮೇಲೆ ಅವರಿಗೂ ನಿದ್ದೆಯಿಲ್ಲ. ಈ ಸಲದ ರಜೆ ಬಂದು ಮುಗಿಯುವುದರೊಳಗೆ ಸಹಾಯಕಿ ಬರಬೇಕು, ಇಲ್ಲದಿದ್ದರೆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಹಾಗೆಂದೇ ನಿಮ್ಮ ಬಾಗಿಲಿಗೆ ಬಂದೆವು. ಬರುವ ಮುಂಚೆ ನಮ್ಮಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದೆವು. "ಸರ್ಕಾರಿ ಆಫೀಸಿಗೆ ಹೋಗ್ತಿದ್ದೀರ, ಮಾನ ಕಳೀಬೇಡಿ" ಎಂದು ನನ್ನ ಅತ್ತೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದರು. ನಾನು ಬೆಳಿಗ್ಗೆಯೇ ಅವಳನ್ನು ಮೈದಾನಕ್ಕೆ ಕರೆದೊಯ್ದು ಚೆಂಡಿನ ಹಿಂದೆ ಓಡಿಸಿದೆ. ಸುಸ್ತಾದರೆ ದೊಡ್ಡವರ ಮುಂದೆ ಮರ್ಯಾದೆಯಿಂದ ಕೂರುತ್ತಾಳೆ ಎಂಬ ಆಸೆ. ಉಳಿದ ಕಸುವನ್ನು ನಿಮ್ಮ ಕಚೇರಿಯೇ ತೆಗೆಯಿತು. ಕರೆಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತೂ ಅವಳು ನಿಮ್ಮ ಮೆಟ್ಟಿಲು ಹತ್ತಿ ಇಳಿದಳು, ನಿಮ್ಮ ಜವಾನ ಹಿಂದೆಯೇ ಹತ್ತಿ ಇಳಿದ. "ಯಾರದಮ್ಮಾ ಈ ಮಗು? ನನ್ನ ಮಂಡಿ ಹೋಯ್ತು!" ಎಂದು ಅವನು ಕೂಗಿದ್ದು ನಿಮ್ಮ ಕೋಣೆಯವರೆಗೂ ಕೇಳಿಸಿರಬೇಕು.

ಒಳಗೆ ಹೋದಾಗ ಬುಗುರಿಯ ತಿರುಗಾಟ ನಿಂತಿತ್ತು. ಅಮ್ಮನ ಮಡಿಲಲ್ಲಿ ಕಣ್ಣು ಅರ್ಧ ಮುಚ್ಚಿಕೊಂಡು ಕೂತಿದ್ದಳು.

"ಎಷ್ಟು ಮುದ್ದಾಗಿ ಕೂತಿದ್ದಾಳೆ! ಇವಳಿಗೇನಾಗಿದೆ?" ಎಂದರು ಪರೀಕ್ಷೆ ಮಾಡುವ ಮೇಡಂ.

"ಮೇಡಂ, ಈಗ ಸುಸ್ತಾಗಿದ್ದಾಳೆ. ಸ್ವಲ್ಪ ತಡೀರಿ, ಏಳ್ತಾಳೆ" ಎಂದೆ.

"ಏಳೋವರೆಗೂ ಕಾಯಕ್ಕೆ ನನಗೆ ಬೇರೆ ಕೆಲಸ ಇಲ್ವೇನ್ರೀ?"

"ಶಾಲೆಗೊಂದು ಸಲ ಬಂದು ನೋಡಿ ತಾಯಿ" ಎಂದಳು ನನ್ನ ಹೆಂಡತಿ.

"ನಾವು ಎಲ್ಲೂ ಹೋಗಲ್ಲಮ್ಮ. ಎಲ್ರೂ ಇಲ್ಲಿಗೇ ಬರೋದು."

ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ಮೇಡಂ ಮಡಚಿ ನಮ್ಮ ಕೈಗೇ ವಾಪಸು ಕೊಟ್ಟರು. ಮತ್ತೊಮ್ಮೆ ನೋಡುವುದು ಮುಂದಿನ ವರ್ಷವಂತೆ. ಹೊರಗೆ ಬಂದರೆ ಜವಾನ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. "ಏನಂದ್ರು?" ಎಂದ. ಹೇಳಿದೆ. "ಇವಳು ಶಾಂತಾನಾ? ನನ್ನನ್ನ ಒಳಗೆ ಕರೀಬೇಕಿತ್ತು ಕಣಪ್ಪಾ!" ಎಂದ.

ಮಾನ್ಯರೇ, ಗೋಡೆ ಸೋರುತ್ತದೋ ಇಲ್ಲವೋ ಎಂದು ಬಿರುಬೇಸಿಗೆಯಲ್ಲಿ ಬಂದು ತಟ್ಟಿ ನೋಡಿ, "ಒಣಗಿದೆ, ಚೆನ್ನಾಗಿದೆ" ಎಂದು ಹೋಗುವ ಕಂಟ್ರಾಕ್ಟರನಿಗೆ ನಾವು ಏನೆನ್ನುತ್ತೇವೆ ಗೊತ್ತೇ? ಇಲ್ಲಿ ಬರೆಯುವ ಹಾಗಿಲ್ಲ. ಅವಳು ಕಷ್ಟಪಡುವುದು ತರಗತಿಯಲ್ಲಿ, ಮಕ್ಕಳ ಮಧ್ಯೆ, ಗಂಟೆಗಟ್ಟಲೆ ಬೆಂಚಿನ ಮೇಲೆ. ನೀವು ನೋಡಿದ್ದು ಅಮ್ಮನ ಮಡಿಲಲ್ಲಿ, ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅಷ್ಟು ಹೊತ್ತು ಸುಮ್ಮನಿರಲು ಯಾರಿಗೆ ಬರುವುದಿಲ್ಲ? ಅವತ್ತು ನಿಮ್ಮ ಹಜಾರದಲ್ಲಿ ಎಷ್ಟು ಮಕ್ಕಳಿದ್ದರು, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ! ಎಷ್ಟು ತಾಯಂದಿರು "ಒಳಗೆ ಹೋದಾಗ ಮಾತ್ರ ಸುಮ್ನಿರೋ ನನ್ನಪ್ಪಾ" ಎಂದು ಕಿವಿಯಲ್ಲಿ ಬೇಡಿಕೊಳ್ಳುತ್ತಿದ್ದರು! ಕಚೇರಿಗೆ ಬರುವಾಗ ಅಂಗಿಯ ಹರುಕನ್ನು ಕೈಯಲ್ಲಿ ಮುಚ್ಚಿಕೊಂಡು ಬರುವ ಜನ ನಾವು. ಹರುಕು ತೋರಿಸಿದರಷ್ಟೇ ನಿಮ್ಮಲ್ಲಿ ಸೂಜಿ ದಾರ ಸಿಗುತ್ತದೆ ಎಂದು ಬಾಗಿಲಲ್ಲಿ ಒಂದು ಬೋರ್ಡಾದರೂ ಹಾಕಬಾರದೇ? ಹೇಳಿದ್ದರೆ ನಾನೇ ಬಂದು ಬರೆದುಕೊಡುತ್ತಿದ್ದೆ, ಪುಕ್ಕಟೆ.

ಅವತ್ತು ನಾವು ಹೊರಡುವಾಗ ನಿಮ್ಮವರು ಒಂದು ಬಣ್ಣದ ಹಾಳೆ ಕೊಟ್ಟರು. "ಮಗುವಿನೊಂದಿಗೆ ಹೆಚ್ಚು ಸಮಯ ಕಳೆಯಿರಿ" ಎಂದಿದೆ. ನನ್ನ ಹೆಂಡತಿ ಪ್ಯಾಕಿಂಗ್ ಕೆಲಸ ಬಿಟ್ಟು ಶಾಲೆಯ ಗೇಟಿನ ಕಟ್ಟೆಯ ಮೇಲೆ ಇಡೀ ದಿನ ಕೂತಿರುತ್ತಾಳೆ, ಮಗು ಹೊರಗೆ ಓಡಿದರೆ ಹಿಡಿಯಲು. ಇನ್ನೂ ಹೆಚ್ಚು ಸಮಯ ಬೇಕೆಂದರೆ ಅದನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ, ಹೇಳಿ.

ನಿನ್ನೆ ಶಾಲೆಯಿಂದ ಬರುವಾಗ ಬುಗುರಿ ನನ್ನ ಕೈ ಹಿಡಿದು ಕೇಳಿದಳು: "ಅಪ್ಪಾ, ಆಫೀಸಲ್ಲಿ ನಾನು ಜಾಣೆ ಥರ ಕೂತಿದ್ನಲ್ಲ, ಮತ್ಯಾಕೆ ಸ್ಕೂಲಿಂದ ಕಳಿಸ್ತಾರೆ?" ಯಾವ ಮಾತಿಗೂ ಒಂದು ಜೋಕು ಇಟ್ಟುಕೊಂಡಿರುವವನು ನಾನು. ಈ ಪ್ರಶ್ನೆಯನ್ನು ಮಾತ್ರ ಹಾಗೇ ನಿಮಗೆ ಕಳಿಸುತ್ತಿದ್ದೇನೆ. ನಿಮ್ಮ ಹತ್ತಿರ ಉತ್ತರವಿದ್ದರೆ ಅವಳಿಗೇ ಹೇಳಿ.

ನಾನು ಕೇಳುವುದು ದಯೆಯನ್ನಲ್ಲ. ರಜೆ ಶುರುವಾಗುವ ಮೊದಲು ನಿಮ್ಮವರೊಬ್ಬರು ಶಾಲೆಗೆ ಬರಲಿ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಅವಳ ಪಕ್ಕದ ಬೆಂಚಿನಲ್ಲಿ ಕೂರಲಿ, ನೋಡಲಿ, ಆಮೇಲೆ ಬರೆಯಲಿ. ಅಲ್ಲಿಯವರೆಗೆ ಅವಳನ್ನು ಶಾಲೆಯಿಂದ ಹೊರಗೆ ಹಾಕಬಾರದು ಎಂದು ಹೆಡ್‌ಮಾಸ್ಟರಿಗೆ ನೀವೇ ಹೇಳಿ. ಬರುವವರಿಗೆ ಒಂದೇ ಕಿವಿಮಾತು: ಓಡಲು ಬರುವ ಚಪ್ಪಲಿ ಹಾಕಿಕೊಂಡು ಬರಲಿ.

ಇಂತಿ,
ಮಗಳು ಒಂದೇ ಒಂದು ದಿನ ಹೇಳಿದ ಮಾತು ಕೇಳಿದ್ದಕ್ಕೆ ತಲೆ ಚಚ್ಚಿಕೊಳ್ಳುತ್ತಿರುವ,
ಬಣ್ಣದ ಕೆಲಸದ ಒಬ್ಬ ಅಪ್ಪ