ಗುರಾಣಿಯ ಮೇಲಿನ ಮುಳ್ಳಿನ ತೆನೆ

ಸ್ಟ್ರೌಡ್ ಕಣಿವೆ,
ಸಂತ ಮೈಕೇಲನ ಹಬ್ಬದ ಹಿಂದಿನ ಗುರುವಾರ

ಪ್ರೀತಿಯ ರೇನಾಲ್ಡಣ್ಣಾ,

ಹೆಸರಿನ ಮುಂದೆ ‘ಸರ್’ ಹಚ್ಚಲಿಲ್ಲವೆಂದು ಮುನಿಯಬೇಡ. ನಿನ್ನ ಮೂಗು ಒರೆಸಿದ ಮನೆಯಲ್ಲಿ ನೀನು ನೈಟ್ ಪದವಿಯ ಸರದಾರನಲ್ಲ. ಹೇಗಿದ್ದೀಯ? ಕವಚ ತೊಟ್ಟು ಹೆಗಲು ಬಾತಿದೆ ಎಂದಿದ್ದೆಯಲ್ಲ, ಅಮ್ಮ ಹಂದಿಕೊಬ್ಬಿನ ಮುಲಾಮು ಕಳಿಸಿದ್ದಾಳೆ. ಹೊಸ ಮಾವನಿಗೆ ವಾಸನೆ ಬಡಿಯದ ಹಾಗೆ ಹಚ್ಚಿಕೋ. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜನೂ ಕ್ಷೇಮ. ಸತ್ತವನೊಬ್ಬ ಇಷ್ಟು ಬಟಾಣಿ ಗಂಜಿ ಕುಡಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿನ್ನ ಆಳು ತಂದ ಪತ್ರವನ್ನೂ ಬಣ್ಣದ ವಂಶವೃಕ್ಷವನ್ನೂ ಓದಿದೆ. ನಾವು ವಾಕರ್ ಮನೆಯವರಲ್ಲವಂತೆ, ‘ಡಿ ವಾಲ್ಕೂರ್’ ಅಂತೆ. ಹಿಂದೆ ಈ ನಾಡು ಗೆದ್ದ ವಿಲಿಯಂ ದೊರೆಯ ಹಡಗಿನಲ್ಲೇ ಬಂದಿಳಿದವರಂತೆ. ಅಜ್ಜ ಫ್ರಾನ್ಸಿನ ರಣರಂಗದಲ್ಲಿ ಮಡಿದನಂತೆ. ಭಾನುವಾರದ ನಿನ್ನ ಮದುವೆ ಮುಗಿಯುವವರೆಗೂ ಅವನನ್ನು ಹೊರಗೆ ಬಿಡಬಾರದು, ಯಾರಾದರೂ ಕೇಳಿದರೆ ‘ಹಳೆಯ ಆಳು’ ಎನ್ನಬೇಕು. ಭೇಷ್! ವಾಕರ್ ಎಂದರೆ ತುಳಿಯುವವನು. ಊರವರ ಹಳಸಿದ ಮೂತ್ರ ತುಂಬಿದ ತೊಟ್ಟಿಯಲ್ಲಿ ನಿಂತು ಅಜ್ಜ ಉಣ್ಣೆ ಬಟ್ಟೆ ತುಳಿದ. ನಿನ್ನ ಕುದುರೆ ಆ ತೊಟ್ಟಿಯಿಂದಲೇ ಎದ್ದು ಬಂದದ್ದು. “ದೊರೆ ಹುಯ್ದ್ರೂ ಅಷ್ಟೇ, ತಿರುಪೆಯವ ಹುಯ್ದ್ರೂ ಅಷ್ಟೇ, ಬಟ್ಟೆ ಒಂದೇ ಥರ ಬೆಳ್ಳಗಾಗ್ತದೆ” ಎಂದು ಅಜ್ಜ ನಗುತ್ತಿದ್ದದ್ದು ನೆನಪಿದೆಯೇ? ಪಾದ್ರಿಗಳು ಓದಬಾರದೆಂದರೂ ಕೈಯಿಂದ ಕೈಗೆ ದಾಟಿ ನನ್ನ ದಿಂಬಿನೊಳಗೆ ಸೇರಿದ, ದೇವರ ಮುಂದೆ ಎಲ್ಲರೂ ಸಮ ಎನ್ನುವ ಹಾಳೆಗಳೂ ಅದನ್ನೇ ಹೇಳುತ್ತವೆ, ಸ್ವಲ್ಪ ಮಡಿಯಾಗಿ. ಅವನ್ನು ಸುಡು ಎಂದು ಬರೆದಿದ್ದೀಯ. ನಿನ್ನ ವಂಶವೃಕ್ಷ ಒಣಗಿದ ಕಟ್ಟಿಗೆ, ಅದು ಇನ್ನೂ ಚೆನ್ನಾಗಿ ಉರಿದೀತು.

ಪತ್ರದ ಜೊತೆ ಕಳಿಸಿದ ನಿನ್ನ ಗುರಾಣಿಯ ಚಿತ್ರ ನೋಡಿ ಮಾತ್ರ ಹೊಟ್ಟೆ ಹಿಡಿದು ನಕ್ಕೆ. ವಂಶಾವಳಿ ಬರೆಯುವ ನಿನ್ನ ಪಂಡಿತ ವಸಂತದಲ್ಲಿ ಬಂದಾಗ, ನಮ್ಮ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಮುಳ್ಳಿನ ತೆನೆ ನೋಡಿ, “ಆಹಾ, ಮುಟ್ಟಿದವರ ಕೈ ಸೀಳೋ ವೀರರ ಗುರುತು!” ಎಂದ. ಅಮ್ಮ ಹೆದರಿ ತಲೆಯಾಡಿಸಿದಳು. ಈಗ ಆ ತೆನೆ ನಿನ್ನ ನೀಲಿ ಗುರಾಣಿಯ ಮೇಲೆ ಚಿನ್ನದ ಬಣ್ಣದಲ್ಲಿ ಮೆರೆಯುತ್ತಿದೆ. ಬಟ್ಟೆಯ ನವಿರು ಎಬ್ಬಿಸಲು ನಾವು ಉಜ್ಜುವ ತೆನೆ ಅದು, ಪೆದ್ದಾ! ಚಿಕ್ಕಂದಿನಲ್ಲೇ ದೊಡ್ಡಮನೆಯ ಊಳಿಗಕ್ಕೆ ಹೋದ ನಿನಗೆ ಗುರುತು ಸಿಗಲಿಲ್ಲ. ಕಣಿವೆಯ ನೇಕಾರರಿಗೆ ಸಿಕ್ಕಿದೆ. “ರೇನಾಲ್ಡ ಸಾಹೇಬ್ರು ಅಂಗಡಿ ಗುರುತು ಹೊತ್ಕೊಂಡು ಯುದ್ಧಕ್ಕೆ ಹೊಂಟವ್ರೆ” ಎನ್ನುತ್ತಿದ್ದಾರೆ. ಸುಳ್ಳು ಹೇಳಲು ಹೋಗಿ ಎದೆಯ ಮೇಲೆ ನಿಜ ಹೊತ್ತವನು ನಮ್ಮ ಕುಲದಲ್ಲಿ ನೀನೊಬ್ಬನೇ.

ಅತ್ತಿಗೆಗೆ ನನ್ನ ವಂದನೆ. ಪಾಪ, ಅವಳದೇನೂ ತಪ್ಪಿಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ, ನಾಚಿಕೆಯನ್ನೂ ಕೊಡಲಿ.

ನಿನ್ನ ತಂಗಿ,
ಆಮಿಸ್ ವಾಕರ್

ಮರೆತ ಮಾತು: ಆಳು ಹೊರಡಲು ಅವಸರಿಸುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಓದು ಬಾರದ ಅಜ್ಜ ಗುರಾಣಿಯ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟ. “ನೋಡ್ರೋ, ನಮ್ ಹುಡ್ಗ ನಮ್ ತೆನೇನ ಎದೆ ಮೇಲೆ ಇಟ್ಕೊಂಡವ್ನೆ! ಮರ್ತಿಲ್ಲ ಕಣ್ರೋ!” ಪತ್ರದಲ್ಲಿ ಉಳಿದದ್ದನ್ನು ಓದಿ ಹೇಳಲು ನನ್ನ ಈ ಹರಿತ ನಾಲಗೆಗೂ ಆಗಲಿಲ್ಲ. ತಾನೇ ತುಳಿದ ಕೆಂಪು ಬಟ್ಟೆಯನ್ನು ಮದುಮಗಳಿಗೆಂದು ಹೊತ್ತು ಇಂದು ಬೆಳಿಗ್ಗೆ ಗಾಡಿ ಹತ್ತಿದ್ದಾನೆ. ಗಾಡಿ ನಿಧಾನ, ನಿನ್ನ ಆಳಿನ ಕುದುರೆ ಚುರುಕು. ಪತ್ರವೇ ಮೊದಲು ತಲುಪುತ್ತದೆ. ಮದುವೆಮನೆಯ ಹೆಬ್ಬಾಗಿಲಲ್ಲಿ ಯಾರೆಂದು ಕೇಳಿದರೆ ಅಜ್ಜ ನಿನ್ನ ಗುರಾಣಿ ತೋರಿಸಿ “ನಾನು ಆ ತೆನೆ ಮನೆಯವ್ನು” ಎನ್ನುತ್ತಾನೆ. ಆಗ ನೀನೇನು ಎನ್ನುತ್ತೀಯ, ಅಣ್ಣಾ?